ಮಾಣಿಯಾ ಕೂಸಾ ಅನ್ನೋ ಪ್ರಶ್ನೆ ಟ್ರ್ಯಾಕಿಗೆ ಬಂದಾಗ

ಶಿರಸಿ ಹತ್ರ ಒಂದು ಹೈಸ್ಕೂಲ್ ಕ್ರೀಡಾಕೂಟದಲ್ಲಿ ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟು ನಿಲ್ಲಿಸಿದ್ರು. ನಾನು ಪಿಇ ಮಾಸ್ತರೂ ಅಲ್ಲ ಎಂತದ್ದೂ ಅಲ್ಲ, ಓಟ ನೋಡೋ ಹುಚ್ಚು ಇದೆ ಅಂತ ಗೊತ್ತಿರೋರು ಕರೀತಾರೆ, ಹೋಗ್ತೇನೆ. ಬೆಳಿಗ್ಗೆ ಹೊಡೆದ ಮಳೆಗೆ ಸುಣ್ಣದ ಗೆರೆ ಅರ್ಧ ತೊಳೆದು ಹೋಗಿತ್ತು, ಮತ್ತೆ ಎಳೆದಿದ್ರು. 200 ಮೀಟರಿನ ಕೆಮ್ಮಣ್ಣಿನ ಟ್ರ್ಯಾಕು, ಹುಡ್ಗೀರ 800 ಅಂದ್ರೆ ನಾಲ್ಕು ಸುತ್ತು. ಎರಡನೇ ಸುತ್ತು ಮುಗಿಯೋದ್ರೊಳಗೆ ಒಬ್ಳು ಉಳಿದವ್ರನ್ನೆಲ್ಲ ಬಿಟ್ಟು ಹೋಗಿದ್ಲು. ಬರಿಗಾಲು, ಗಿಡ್ಡ ಕೂದಲು, ಅಗಲ ಭುಜ, ಮೊಣಕಾಲ ತನಕ ಕೆಸರು. ನನ್ನ ಬೆನ್ನ ಹಿಂದೆ ಯಾರೋ "ಅದು ಕೂಸೇ ಹೌದಾ, ಸಮಾ ನೋಡಿ ಮಾರಾಯ್ರೆ" ಅಂದ್ರು, ಹುಡ್ಗಿಯೇ ಹೌದಾ ಅಂತ, ನಾಲ್ಕು ಜನ ನಕ್ಕರು. ಓಟ ಮುಗಿದ ಮೇಲೆ ಬೇರೆ ಶಾಲೆ ಮಾಸ್ತರೊಬ್ರು ಟೇಬಲ್ಲಿಗೆ ಬಂದು ಅವಳ ಆಧಾರ್ ಕಾರ್ಡ್ ತೋರಿಸಿ ಅಂದ್ರು, ತೋರಿಸಿದ್ವಿ, ಅದ್ರಲ್ಲಿ ಹೆಣ್ಣು ಅಂತಾನೇ ಇತ್ತು, ಆದ್ರೂ ಅವ್ರಿಗೆ ಸಮಾಧಾನ ಇಲ್ಲ, "ಯಾರಾದ್ರೂ ಲೇಡಿ ಟೀಚರ್ ಒಂದ್ಸಲ..." ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ್ರು. ಆ ಹುಡ್ಗಿ ಹತ್ತು ಮಾರು ದೂರದಲ್ಲಿ ನಲ್ಲಿಗೆ ಬಾಯಿ ಕೊಟ್ಟು ನೀರು ಕುಡೀತಿದ್ಲು. ಕೇಳಿಸ್ತೋ ಇಲ್ವೋ. ನಾನೂ ಏನೂ ಮಾತಾಡ್ಲಿಲ್ಲ, ಟೈಮು ಬರೆದು ಸೈನ್ ಹಾಕಿದೆ.

ನಮ್ಮ ಕಡೆ ಆಸ್ಪತ್ರೆಯಿಂದ ಫೋನ್ ಬಂದ್ರೆ ಮೊದಲು ಕೇಳೋದೇ "ಮಾಣಿಯಾ ಕೂಸಾ" ಅಂತ, ಅಂದ್ರೆ ಗಂಡಾ ಹೆಣ್ಣಾ. ನರ್ಸ್ ಒಂದು ಕ್ಷಣ ನೋಡಿ ಹೇಳಿದ ಉತ್ತರವೇ ಬರ್ತ್ ಸರ್ಟಿಫಿಕೇಟಿಗೆ ಹೋಗ್ತದೆ, ಶಾಲೆಗೆ ಹೋಗ್ತದೆ, ಪಾಸ್‌ಪೋರ್ಟಿಗೆ ಹೋಗ್ತದೆ. ಬಹುಪಾಲು ಜನಕ್ಕೆ ಅದು ಸಾಯೋ ತನಕ ಸರಿಯಾಗೇ ಇರ್ತದೆ. ಕೆಲವೇ ಕೆಲವ್ರ ವಿಷಯದಲ್ಲಿ ಹೊರಗೆ ಕಂಡಿದ್ದು ಒಂದು, ಒಳಗೆ ನಡೀತಿರೋದು ಇನ್ನೊಂದು. ಅಂಥವ್ರು ಅಂಗಡಿ ಇಟ್ರೆ, ಟೀಚರ್ ಆದ್ರೆ, ಮೀನು ಮಾರಿದ್ರೆ ಯಾರಿಗೂ ಗೊತ್ತಾಗೋದೂ ಇಲ್ಲ, ಗೊತ್ತಾಗೋ ಅವಶ್ಯಕತೆಯೂ ಇಲ್ಲ. ಜೋರಾಗಿ ಓಡಿದ್ರೆ ಮಾತ್ರ ಜಗತ್ತಿಗೆಲ್ಲ ಗೊತ್ತಾಗ್ತದೆ.

ಈಗ ಇದು ಮತ್ತೆ ಯಾಕೆ ಸುದ್ದಿ ಅಂದ್ರೆ, 2025ರ ಸೆಪ್ಟೆಂಬರ್ 1ರಿಂದ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆ ಹೊಸ ನಿಯಮ ತಂದಿದೆ. ವಿಶ್ವ ರ‍್ಯಾಂಕಿಂಗಿಗೆ ಲೆಕ್ಕಕ್ಕೆ ಬರೋ ಕೂಟಗಳಲ್ಲಿ ಹೆಣ್ಮಕ್ಕಳ ವಿಭಾಗದಲ್ಲಿ ಓಡಬೇಕು, ಹಾರಬೇಕು, ಎಸೀಬೇಕು ಅಂದ್ರೆ ಜೀವಮಾನದಲ್ಲಿ ಒಂದ್ಸಲ, ಗಂಡಿನ ಬೆಳವಣಿಗೆ ಶುರು ಮಾಡೋ ಜೀನ್ ಇದೆಯಾ ಅಂತ ನೋಡೋ ಎಸ್‌ಆರ್‌ವೈ ಜೀನ್ ಟೆಸ್ಟ್ ಮಾಡಿಸ್ಕೋಬೇಕು. ಕೆನ್ನೆ ಒಳಗಿಂದ ಹತ್ತಿಯಲ್ಲಿ ಒರೆಸಿ ತೆಗೆಯೋದು, ಇಲ್ಲಾ ಸ್ವಲ್ಪ ರಕ್ತ. ಅದೇ ತಿಂಗಳು ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್ಪಿಗೆ ಹೋದ ಹೆಣ್ಮಕ್ಕಳು ಇದನ್ನ ಮಾಡಿಸ್ಕೋಬೇಕಾಯ್ತು. ಫ್ರಾನ್ಸಲ್ಲಿ ವೈದ್ಯಕೀಯ ಕಾರಣ ಇಲ್ಲದೆ ಇಂಥ ಜೀನ್ ಟೆಸ್ಟ್ ಮಾಡೋದಕ್ಕೆ ಕಾನೂನೇ ಬಿಡೋದಿಲ್ಲ, ಹಾಗಾಗಿ ಅಲ್ಲಿನ ಓಟಗಾರ್ತಿಯರು ದೇಶದ ಹೊರಗೆ ಟೆಸ್ಟ್ ಮಾಡಿಸ್ಬೇಕಾಯ್ತು.

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳುವ. ಟ್ರಾನ್ಸ್ ಮಹಿಳೆಯರ ವಿಷಯ ಬೇರೆ, ಇದು ಬೇರೆ. ಇಲ್ಲಿ ಮಾತಾಡ್ತಿರೋದು ಇಂಟರ್‌ಸೆಕ್ಸ್, ವೈದ್ಯರ ಭಾಷೆಯಲ್ಲಿ ಡಿಎಸ್‌ಡಿ ಅಂತಾರೆ, ಅಂದ್ರೆ ಹುಟ್ಟಿದಾಗಲೇ ಹುಡ್ಗಿ ಅಂತ ಬರೆಸ್ಕೊಂಡು, ಲಂಗ ಹಾಕಿ, ಜಡೆ ಹೆಣೆದು, ಹುಡ್ಗಿಯಾಗೇ ಬೆಳೆದವ್ರ ಕಥೆ. ಫೇಸ್ಬುಕ್ಕಲ್ಲಿ ಕೆಲವ್ರು ಇದನ್ನ ಯಕ್ಷಗಾನದ ಸ್ತ್ರೀವೇಷ ಇದ್ದ ಹಾಗೆ, ಗಂಡಸು ಬಂದು ಹೆಂಗಸ್ರ ಮೆಡಲ್ ಹೊಡ್ಕೊಂಡು ಹೋದ ಅಂತ ಬರೀತಾರೆ. ಸ್ತ್ರೀವೇಷಕ್ಕೆ ಬಣ್ಣ ಹಚ್ಚೋ ಚೌಕಿ ಇರ್ತದೆ, ಬೆಳಗಿನ ಜಾವ ಬಣ್ಣ ತೆಗೆದು ಬಸ್ ಹತ್ತೋದಿರ್ತದೆ. ಇವ್ರಿಗೆ ತೆಗೆಯೋಕೆ ಬಣ್ಣವೇ ಇಲ್ಲ.

ಸರಿ, ಮೈ ಒಳಗೆ ನಡೆಯೋದೇನು. ಹೊಟ್ಟೇಲಿರೋ ಮಗುಗೆ ಮೊದಲ ಆರು ವಾರ ಗಂಡು ಹೆಣ್ಣು ಅನ್ನೋ ವ್ಯತ್ಯಾಸವೇ ಕಾಣೋದಿಲ್ಲ, ಎಲ್ಲಾ ಒಂದೇ ಅಚ್ಚು. ಆಮೇಲೆ ವೈ ಕ್ರೋಮೋಸೋಮ್ ಇದ್ದು ಅದ್ರ ಮೇಲಿನ ಎಸ್‌ಆರ್‌ವೈ ಜೀನ್ ಸ್ವಿಚ್ ಹಾಕಿದ್ರೆ ಒಳಗಿನ ಗ್ರಂಥಿ ವೃಷಣ ಆಗ್ತದೆ, ಅದು ಟೆಸ್ಟೋಸ್ಟಿರಾನ್ ಅನ್ನೋ ಗಂಡು ಹಾರ್ಮೋನು ಬಿಡ್ತದೆ, ಉಳಿದಿದ್ದೆಲ್ಲ ಅದ್ರ ಹಿಂದೆ ಬರ್ತದೆ. ಆದ್ರೆ ಇದು ನಮ್ಮ ಘಟ್ಟದ ಮೇಲಿನ ಮಳೆಗಾಲದ ಕರೆಂಟಿನ ಹಾಗೆ. ಸ್ಟೇಷನ್ನಲ್ಲಿ ಸಪ್ಲೈ ಇದ್ರೂ ಮನೇಲಿ ಬಲ್ಬ್ ಹತ್ತಬೇಕಂತ ಏನಿಲ್ಲ, ಮಧ್ಯ ಎಲ್ಲಿ ಬೇಕಾದ್ರೂ ಮರ ಬಿದ್ದಿರಬಹುದು. ಕೆಲವ್ರಿಗೆ ವೈ ಇದೆ, ವೃಷಣ ಒಳಗೇ ಇದೆ, ಟೆಸ್ಟೋಸ್ಟಿರಾನ್ ಬೇಕಾದಷ್ಟು ಬರ್ತದೆ, ಆದ್ರೆ ಮೈಯ ಜೀವಕೋಶಗಳಿಗೆ ಅದನ್ನ ಹಿಡ್ಕೊಳ್ಳೋ ಕೊಂಡಿಯೇ ಕೆಲಸ ಮಾಡೋದಿಲ್ಲ. ಆ ಹಾರ್ಮೋನು ಅವ್ರ ಪಾಲಿಗೆ ಇದ್ದೂ ಇಲ್ಲದ ಹಾಗೆ, ಮೈ ಪೂರ್ತಿ ಹೆಣ್ಣಾಗೇ ಬೆಳೀತದೆ, ಹದಿನಾರು ದಾಟಿದ್ರೂ ಮುಟ್ಟಾಗ್ಲಿಲ್ಲ ಅಂತ ಡಾಕ್ಟ್ರ ಹತ್ರ ಹೋದಾಗಷ್ಟೇ ಗೊತ್ತಾಗೋದು. ಇದಕ್ಕೆ ಕಂಪ್ಲೀಟ್ ಆಂಡ್ರೋಜನ್ ಇನ್‌ಸೆನ್ಸಿಟಿವಿಟಿ ಅಂತ ಹೆಸರು.

ಇನ್ನೊಂದು ಬಗೆ ಇದೆ, ಕ್ರೀಡೆಯ ಜಗಳ ಹೆಚ್ಚಾಗಿ ಅದರದ್ದೇ. ಫೈವ್ ಆಲ್ಫಾ ರಿಡಕ್ಟೇಸ್ ಅನ್ನೋ ಒಂದು ಕಿಣ್ವ ಇವ್ರಲ್ಲಿ ಕೆಲಸ ಮಾಡೋದಿಲ್ಲ. ಗರ್ಭದಲ್ಲಿ ಹೊರಗಿನ ಅಂಗ ಗಂಡಿನ ಆಕಾರಕ್ಕೆ ಬರಬೇಕಂದ್ರೆ ಟೆಸ್ಟೋಸ್ಟಿರಾನ್ ಒಂದೇ ಸಾಕಾಗೋದಿಲ್ಲ, ಈ ಕಿಣ್ವ ಅದನ್ನ ಇನ್ನೊಂದು ಹಾರ್ಮೋನಾಗಿ ಬದಲಿಸ್ಬೇಕು. ಅದಾಗ್ಲಿಲ್ಲ ಅಂದ್ರೆ ಹುಟ್ಟಿದ ಮಗು ನೋಡೋದಕ್ಕೆ ಹೆಣ್ಣೇ, ನರ್ಸ್ ಕೂಸು ಅಂತಾಳೆ, ಅವಳದ್ದೇನೂ ತಪ್ಪಿಲ್ಲ. ಹನ್ನೆರಡು ಹದಿಮೂರಕ್ಕೆ ಬಂದಾಗ ಒಳಗಿನ ವೃಷಣ ಗಂಡಿನ ಮಟ್ಟದಲ್ಲೇ ಟೆಸ್ಟೋಸ್ಟಿರಾನ್ ಬಿಡೋದಕ್ಕೆ ಶುರು ಮಾಡ್ತದೆ, ಈ ಸಲ ಮಾಂಸಖಂಡಕ್ಕೆ ಮೂಳೆಗೆ ಆ ಕಿಣ್ವದ ಹಂಗಿಲ್ಲ, ಮೈ ಕಟ್ಟು ಬದಲಾಗ್ತದೆ, ದನಿ ಇಳೀತದೆ, ಎದೆ ಬೆಳೆಯೋದಿಲ್ಲ.

ಇಂಥವ್ರು ಎಷ್ಟು ಜನ ಅನ್ನೋದರಲ್ಲೂ ಒಮ್ಮತ ಇಲ್ಲ. ನೂರಕ್ಕೆ 1.7 ಅಂತ ಒಂದು ಲೆಕ್ಕ ಓಡಾಡ್ತದೆ, ನೂರಕ್ಕೆ 0.018 ಅಂತ ಇನ್ನೊಂದು, ಯಾವ್ಯಾವ ಸ್ಥಿತಿಯನ್ನ ಎಣಿಕೆಗೆ ತಗೊಳ್ತೀರಿ ಅನ್ನೋದ್ರ ಮೇಲೆ ಈ ನೂರು ಪಟ್ಟು ಅಂತರ. ಚರ್ಚೆಗೆ ಇಳಿದವ್ರು ತಮಗೆ ಬೇಕಾದ್ದನ್ನ ಎತ್ಕೊಳ್ತಾರೆ. ನನಗೆ ಗಟ್ಟಿ ಅನ್ಸೋ ಲೆಕ್ಕ ಅಂದ್ರೆ 1996ರ ಅಟ್ಲಾಂಟಾ ಒಲಿಂಪಿಕ್ಸಿಂದು. ಅಲ್ಲಿ 3387 ಹೆಣ್ಮಕ್ಕಳನ್ನ ಪರೀಕ್ಷೆ ಮಾಡಿದ್ರು, 8 ಜನಕ್ಕೆ ಎಸ್‌ಆರ್‌ವೈ ಸಿಕ್ತು, ಅಂದ್ರೆ ಸುಮಾರು 420ಕ್ಕೆ ಒಬ್ರು. ಆ ಎಂಟರಲ್ಲಿ ಏಳು ಜನ ಪೂರ್ತಿಯೋ ಅರೆಬರೆಯೋ ಇನ್‌ಸೆನ್ಸಿಟಿವಿಟಿ ಗುಂಪಿನವ್ರು. ಎಂಟೂ ಜನಕ್ಕೆ ಆಡೋಕೆ ಬಿಟ್ರು.

ಗಂಡು ಹೆಣ್ಣಿನ ನಡುವೆ ಗೆರೆ ಯಾಕೆ ಬೇಕು ಅಂತ ಕೇಳೋರಿಗೆ 800 ಮೀಟರಿನ ವಿಶ್ವದಾಖಲೆ ತೋರಿಸಿದ್ರೆ ಸಾಕು. ಗಂಡಸ್ರದ್ದು ಡೇವಿಡ್ ರುಡಿಶಾ 2012ರಲ್ಲಿ ಓಡಿದ 1:40.91, ಹೆಂಗಸ್ರದ್ದು ಯಾರ್ಮಿಲಾ ಕ್ರಾತೊಖ್ವಿಲೊವಾ 1983ರಲ್ಲಿ ಓಡಿದ 1:53.28. ಹನ್ನೆರಡು ಸೆಕೆಂಡಿಗಿಂತ ಜಾಸ್ತಿ ಅಂತರ. ನಮ್ಮ ದೇಶದ ನ್ಯಾಷನಲ್ ಮೀಟಲ್ಲಿ ಓಡೋ ಹುಡುಗ್ರು 1:50ರ ಕೆಳಗೆ ಓಡ್ತಾರೆ, ಅಂದ್ರೆ ಜಗತ್ತಿನ ಇತಿಹಾಸದಲ್ಲೇ ಅತಿ ವೇಗದ ಹೆಣ್ಣು ಅವ್ರ ಹಿಂದೆ ಬರ್ತಾಳೆ. ಎಲ್ರನ್ನೂ ಒಂದೇ ಗೆರೇಲಿ ನಿಲ್ಲಿಸಿದ್ರೆ ಫೈನಲ್ಲಲ್ಲಿ ಒಬ್ಬ ಹೆಣ್ಣುಮಗಳೂ ಇರೋದಿಲ್ಲ. ಚಿಕ್ಕ ಮಕ್ಕಳಲ್ಲಿ ಈ ಅಂತರ ಅಷ್ಟಾಗಿ ಇಲ್ಲ, ಪ್ರಾಯಕ್ಕೆ ಬರೋ ಹೊತ್ತಿಗೆ ತೆರ್ಕೊಳ್ತದೆ, ತೆರೆಯೋದು ಟೆಸ್ಟೋಸ್ಟಿರಾನ್. ಪ್ರಾಯದ ಗಂಡಸ್ರ ರಕ್ತದಲ್ಲಿ ಲೀಟರಿಗೆ 7.7ರಿಂದ 29.4 ನ್ಯಾನೋಮೋಲ್, ಹೆಂಗಸ್ರಲ್ಲಿ ಹೆಚ್ಚಂದ್ರೆ 1.68ರ ತನಕ ಅಂತ ಅಥ್ಲೆಟಿಕ್ಸ್ ಸಂಸ್ಥೆ ಇಟ್ಕೊಂಡ ಲೆಕ್ಕ. ಮಧ್ಯ ಒಂದು ಖಾಲಿ ಜಾಗ ಇದೆ. ಪಿಸಿಓಡಿ ಅನ್ನೋ ಅಂಡಾಶಯದ ತೊಂದರೆ ಇರೋ ಹುಡ್ಗೀರಲ್ಲಿ ಸ್ವಲ್ಪ ಏರ್ತದೆ, ಆದ್ರೆ ಗಂಡಿನ ಮಟ್ಟಕ್ಕೆ ಹೋಗೋದಿಲ್ಲ, ಅವ್ರಿಗೆ ಈ ಯಾವ ನಿಯಮವೂ ತಾಗೋದಿಲ್ಲ. ಇದನ್ನ ಯಾಕೆ ಹೇಳ್ದೆ ಅಂದ್ರೆ ಪಿಸಿಓಡಿ ಇದ್ರೆ ಸ್ಪೋರ್ಟ್ಸ್ ಬಿಡಿಸ್ತಾರಂತೆ ಅಂತ ಕುಮಟಾದ ಕಡೆಯ ಒಬ್ರು ತಾಯಿ ಹೆದರಿ ನನ್ನ ಹತ್ರ ಕೇಳಿದ್ರು.

ಹಾಗಾದ್ರೆ ಈ ಜಗಳದ ನಡುವೆ ಸಿಕ್ಕಿಬಿದ್ದ ಓಟಗಾರ್ತಿ ಕಾಸ್ಟರ್ ಸೆಮೆನ್ಯಾ ಕಥೆ. 2009ರ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್, ದಕ್ಷಿಣ ಆಫ್ರಿಕಾದ ಹಳ್ಳಿಯಿಂದ ಬಂದ 18 ವರ್ಷದ ಹುಡ್ಗಿ 800ರ ಫೈನಲ್ಲಲ್ಲಿ 1:55.45 ಓಡಿ ಚಿನ್ನ ಗೆದ್ಲು. ಅವಳ ಲಿಂಗ ಪರೀಕ್ಷೆಗೆ ಹೇಳಿದಾರೆ ಅನ್ನೋ ಸುದ್ದಿ ಫೈನಲ್ ದಿನವೇ ಹೊರಗೆ ಬಿದ್ದಿತ್ತು. ಅಲ್ಲಿಂದ ಮುಂದೆ ನಿಯಮ ಅವಳ ಬೆನ್ನ ಹಿಂದೆ ಓಡ್ತಾ ಬಂತು ಅಂತಲೇ ಹೇಳ್ಬೇಕು. 2011ರಲ್ಲಿ ಟೆಸ್ಟೋಸ್ಟಿರಾನ್ ಮಿತಿ ಲೀಟರಿಗೆ 10 ನ್ಯಾನೋಮೋಲ್ ಅಂತ ಇಟ್ರು, ಅವಳು ಮಾತ್ರೆ ತಗೊಂಡು ಇಳಿಸಿದ್ಲು, 2012ರ ಲಂಡನ್ ಒಲಿಂಪಿಕ್ಸಲ್ಲಿ 1:57.23 ಓಡಿದ್ಲು. 2015ರಲ್ಲಿ ಆ ನಿಯಮ ಅಮಾನತಾಯ್ತು, ಮಾತ್ರೆ ನಿಂತ್ತು, 2016ರ ರಿಯೋದಲ್ಲಿ 1:55.28, 2018ರಲ್ಲಿ ಪ್ಯಾರಿಸ್ಸಲ್ಲಿ 1:54.25. ಒಂದೇ ಮೈ, ಹಾರ್ಮೋನು ಇಳಿದಾಗೊಂದು ಟೈಮು ಏರಿದಾಗೊಂದು ಟೈಮು. ವಯಸ್ಸು, ಟ್ರೇನಿಂಗು, ಗಾಯ ಎಲ್ಲ ಸೇರಿಸಿದ್ರೂ ಈ ಅಂಕಿಗಳನ್ನ ಏನೂ ಇಲ್ಲ ಅಂತ ತಳ್ಳಿಹಾಕೋದು ಕಷ್ಟ. ಆದ್ರೆ ಇನ್ನೊಂದು ಕಡೆಯಿಂದಲೂ ನೋಡಿ, ಅವಳ ಜೀವಮಾನದ ಬೆಸ್ಟ್ ಟೈಮೂ 1983ರ ಆ ದಾಖಲೆಗಿಂತ ಒಂದು ಸೆಕೆಂಡ್ ಹಿಂದೇ ಉಳೀತು. ಗಂಡಸ್ರ ರೇಸಿಗೆ ಹೋಗು ಅಂತ ಹೇಳೋರು ಅವಳು ಅಲ್ಲಿ ಹೀಟ್ಸಲ್ಲೇ ಹೊರಗೆ ಬೀಳ್ತಾಳೆ ಅನ್ನೋದನ್ನ ಹೇಳೋದಿಲ್ಲ.

ರಿಯೋ ಫೈನಲ್ಲನ್ನ ನಾನು ಎಷ್ಟೋ ಸಲ ನೋಡಿದೇನೆ. ಸೆಮೆನ್ಯಾ ಮೊದಲು, ಬುರುಂಡಿಯ ಫ್ರಾನ್ಸಿನ್ ನಿಯೊನ್ಸಾಬಾ ಎರಡು, ಕೀನ್ಯಾದ ಮಾರ್ಗರೆಟ್ ವಂಬುಯಿ ಮೂರು, 1:56.89. ಉಳಿದಿಬ್ರೂ ತಾವೂ ಇದೇ ನಿಯಮದ ಅಡಿಗೆ ಬರೋರು ಅಂತ 2019ರಲ್ಲಿ ಬಹಿರಂಗವಾಗಿ ಹೇಳಿದ್ರು. ನಾಲ್ಕನೇದು ಕೆನಡಾದ ಮೆಲಿಸ್ಸಾ ಬಿಷಪ್, 1:57.02, ತನ್ನ ದೇಶದ ದಾಖಲೆ ಓಡಿಯೂ 0.13 ಸೆಕೆಂಡಲ್ಲಿ ಮೆಡಲ್ ತಪ್ಪಿಸ್ಕೊಂಡವಳು. ಸ್ಟಾಪ್‌ವಾಚ್ ಬಟನ್ ಒತ್ತೋ ನನ್ನ ಹೆಬ್ಬೆರಳಿನ ತಡವೇ ಅದಕ್ಕಿಂತ ಜಾಸ್ತಿ. ಈ ವಿಷಯದಲ್ಲಿ ಅನ್ಯಾಯ ಅನ್ನೋ ಶಬ್ದ ಸೆಮೆನ್ಯಾ ಪಾಲಿಗೆ ಎಷ್ಟು ನಿಜವೋ ಬಿಷಪ್ ಪಾಲಿಗೂ ಅಷ್ಟೇ ನಿಜ, ಹಾಗಂತ ಇಬ್ರಲ್ಲಿ ಒಬ್ರೂ ಮೋಸ ಮಾಡಿಲ್ಲ. ಇಷ್ಟು ಒಪ್ಕೊಳ್ದೇ ಮಾತಾಡೋರ ಜೊತೆ ನಾನಂತೂ ವಾದಕ್ಕೆ ಇಳಿಯೋದಿಲ್ಲ.

2018ರಲ್ಲಿ ಬಂದ ನಿಯಮ ಮಾತ್ರ ವಿಚಿತ್ರ. ಮಿತಿ 5ಕ್ಕೆ ಇಳಿಸಿದ್ರು, ಅದೂ 400 ಮೀಟರಿಂದ ಒಂದು ಮೈಲಿ ತನಕದ ಓಟಕ್ಕಷ್ಟೇ. ಇದಕ್ಕೆ ಆಧಾರ ಅಂತ ತೋರಿಸಿದ 2017ರ ಅಧ್ಯಯನದಲ್ಲಿ ಟೆಸ್ಟೋಸ್ಟಿರಾನ್ ಹೆಚ್ಚಿದ್ದೋರಿಗೆ ಅನುಕೂಲ ಕಂಡಿದ್ದು 400, 400 ಹರ್ಡಲ್ಸ್, 800, ಹ್ಯಾಮರ್ ಥ್ರೋ ಮತ್ತೆ ಪೋಲ್ ವಾಲ್ಟಲ್ಲಿ. ಹ್ಯಾಮರಲ್ಲೇ ಎಲ್ಲಕ್ಕಿಂತ ಜಾಸ್ತಿ. ನಿಯಮದಲ್ಲಿ ಹ್ಯಾಮರೂ ಇಲ್ಲ ಪೋಲ್ ವಾಲ್ಟೂ ಇಲ್ಲ, ಅಧ್ಯಯನದಲ್ಲಿ ಅನುಕೂಲ ಕಾಣದ 1500 ಮಾತ್ರ ಇದೆ. ಸೆಮೆನ್ಯಾ 800ರ ಜೊತೆ 1500ನೂ ಓಡ್ತಿದ್ಲು ಅನ್ನೋದು ನೆನಪಿಟ್ಕೊಳ್ಳಿ. ಆ ಅಧ್ಯಯನ ಬರೆದವ್ರೇ 2021ರಲ್ಲಿ ತಿದ್ದುಪಡಿ ಹಾಕಿ, ಇದು ಶೋಧನೆಯ ಹಂತದ್ದು, ಇದೇ ಕಾರಣ ಅಂತ ಸಾಬೀತು ಮಾಡೋದಲ್ಲ ಅಂದ್ರು. ಅಷ್ಟ್ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿ ಸೆಮೆನ್ಯಾ ಹಾಕಿದ ಕೇಸಲ್ಲಿ 2019ರ ಮೇ 1ಕ್ಕೆ ತೀರ್ಪು ಕೊಟ್ಟಾಗಿತ್ತು, ಮೂವರಲ್ಲಿ ಇಬ್ರು ನಿಯಮದ ಪರ: ತಾರತಮ್ಯ ಹೌದು, ಆದ್ರೆ ಹೆಣ್ಮಕ್ಕಳ ವಿಭಾಗ ಕಾಪಾಡೋಕೆ ಬೇಕಾದ ತಾರತಮ್ಯ ಅಂತ. ಅದೇ ವರ್ಷ ಏಪ್ರಿಲಲ್ಲಿ ವಿಶ್ವ ವೈದ್ಯಕೀಯ ಸಂಘ, ಈ ನಿಯಮಕ್ಕೋಸ್ಕರ ಯಾವ ಡಾಕ್ಟ್ರೂ ಔಷಧ ಬರೀಬೇಡಿ ಅಂತ ಹೇಳಿತ್ತು. ಆರೋಗ್ಯವಾಗಿರೋ ಹುಡ್ಗಿಗೆ ರೇಸಿಗೋಸ್ಕರ ಮಾತ್ರೆ ನುಂಗಿಸೋದು ಯಾವ ವೈದ್ಯ ಧರ್ಮ ಅನ್ನೋ ಪ್ರಶ್ನೆ.

ಮಾತ್ರೆ ಆದ್ರೂ ನಿಲ್ಲಿಸಬಹುದು. 2013ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಫ್ರಾನ್ಸಿನ ಡಾಕ್ಟ್ರುಗಳೇ ಬರ್ಕೊಂಡಿದಾರೆ, ಬಡ ದೇಶಗಳಿಂದ ಬಂದ 18ರಿಂದ 21ರೊಳಗಿನ ನಾಲ್ಕು ಓಟಗಾರ್ತಿಯರಿಗೆ ಆಪರೇಷನ್ ಮಾಡಿ ಒಳಗಿನ ಗ್ರಂಥಿ ತೆಗೆದಿದ್ದು, ಅಷ್ಟೇ ಅಲ್ಲ, ಓಟಕ್ಕೂ ಹಾರ್ಮೋನಿಗೂ ಸಂಬಂಧವೇ ಇಲ್ಲದ ಕಡೆಯೂ ಕತ್ತರಿ ಹಾಕಿದ್ದು. ಯುಗಾಂಡಾದ ಆನೆಟ್ ನೆಗೆಸಾ ತನಗೆ 2012ರಲ್ಲಿ ಹೀಗೆ ಆಪರೇಷನ್ ಆಯ್ತು, ಆಮೇಲೆ ಓಡೋಕೆ ಆಗ್ಲಿಲ್ಲ ಅಂತ 2019ರಲ್ಲಿ ಮುಂದೆ ಬಂದು ಹೇಳಿದ್ಲು. ನನಗೆ ಈ ಇಡೀ ಚರ್ಚೆಯಲ್ಲಿ ಹೊಟ್ಟೆ ತೊಳೆಸೋ ಭಾಗ ಇದು.

ನಮ್ಮ ದೇಶದ ಕಥೆ ದೂರದ್ದಲ್ಲ. ಕಾರವಾರದಿಂದ ಕಾಳಿ ಸೇತುವೆ ದಾಟಿ ಮಾಜಾಳಿ ಮುಗಿದ್ರೆ ಗೋವಾ. ಅಲ್ಲಿನ ಕ್ರೀಡಾಪಟು ಪ್ರತಿಮಾ ಗಾಂವ್ಕರ್, ಲಿಂಗ ಪರೀಕ್ಷೆಯ ವಿಷಯ ಹೊರಗೆ ಬಂದು ಜನ ಮಾತಾಡೋಕೆ ಶುರು ಮಾಡಿದ ಮೇಲೆ 2001ರಲ್ಲಿ ಜೀವ ಕಳ್ಕೊಂಡ್ಲು. ಗಾಂವ್ಕರ್ ಅನ್ನೋ ಅಡ್ಡಹೆಸರು ಅಂಕೋಲಾ ಯಲ್ಲಾಪುರದಲ್ಲಿ ಊರೂರಿಗೂ ಇದೆ, ಓದಿದಾಗ ಯಾರೋ ಪರಿಚಯದವ್ರ ಮನೆ ಹುಡ್ಗಿ ಅನ್ಸಿತ್ತು. 2006ರ ದೋಹಾ ಏಷ್ಯನ್ ಗೇಮ್ಸಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಶಾಂತಿ ಸೌಂದರರಾಜನ್ 800ರಲ್ಲಿ ಬೆಳ್ಳಿ ಗೆದ್ಲು, ಪರೀಕ್ಷೆ ಮಾಡಿದ್ರು, ಮೆಡಲ್ ಕಸಿದ್ರು, ಸುದ್ದಿ ಟಿವೀಲಿ ಬಂತು. ಆಮೇಲೆ ಆಕೆ ಇಟ್ಟಿಗೆ ಭಟ್ಟಿಯಲ್ಲಿ ಕೂಲಿ ಮಾಡಿದ್ದೂ ಆಯ್ತು, ಕಷ್ಟಪಟ್ಟು ಕೋಚ್ ಆದ್ಲು.

ಒಡಿಶಾದ ದ್ಯುತಿ ಚಂದ್ ಬೇರೆ ದಾರಿ ಹಿಡಿದ್ಲು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸಿಗೆ ಇನ್ನೇನು ಹೋಗ್ಬೇಕು ಅನ್ನೋವಾಗ ಹಾರ್ಮೋನು ಜಾಸ್ತಿ ಅಂತ ಟೀಮಿಂದ ಬಿಟ್ರು. ಅವಳು ಮಾತ್ರೆಯೂ ಬೇಡ ಆಪರೇಷನ್ನೂ ಬೇಡ ಅಂತ ಕೂತು ಕೇಸ್ ಹಾಕಿದ್ಲು, ನಮ್ಮ ಸ್ಪೋರ್ಟ್ಸ್ ಅಥಾರಿಟಿಯೇ ಅವಳ ಹಿಂದೆ ನಿಂತ್ತು, ಇದನ್ನ ಮೆಚ್ಚಲೇಬೇಕು. 2015ರ ಜುಲೈಯಲ್ಲಿ ಅದೇ ಕ್ರೀಡಾ ನ್ಯಾಯಮಂಡಳಿ, ಗಂಡು ಹೆಣ್ಣಿನ ನಡುವೆ ನೂರಕ್ಕೆ 10ರಿಂದ 12ರಷ್ಟು ಅಂತರ ಇದೆ, ಹೆಚ್ಚು ಟೆಸ್ಟೋಸ್ಟಿರಾನ್ ಇರೋ ಹೆಣ್ಣಿಗೆ ಹೆಚ್ಚು ಕಮ್ಮಿ ಅಷ್ಟೇ ಅನುಕೂಲ ಸಿಗ್ತದೆ ಅಂತ ತೋರಿಸೋಕೆ ನಿಮ್ಮ ಹತ್ರ ಪುರಾವೆ ಇಲ್ಲ ಅಂತ ಹೇಳಿ ನಿಯಮವನ್ನೇ ಅಮಾನತಲ್ಲಿಟ್ತು. ಸೆಮೆನ್ಯಾ ಮಾತ್ರೆ ನಿಂತಿದ್ದು ಇದ್ರಿಂದಲೇ. ದ್ಯುತಿ 2018ರ ಏಷ್ಯನ್ ಗೇಮ್ಸಲ್ಲಿ 100, 200 ಎರಡ್ರಲ್ಲೂ ಬೆಳ್ಳಿ ತಂದ್ಲು. ಆಮೇಲೆ 2023ರಲ್ಲಿ ಡೋಪಿಂಗಲ್ಲಿ ಸಿಕ್ಕಿ ನಾಲ್ಕು ವರ್ಷ ನಿಷೇಧ ಆಯ್ತು, ಅದು ಬೇರೆ ಕೇಸು, ಎರಡನ್ನೂ ಸೇರಿಸಿ "ನೋಡಿ ಆಗ್ಲೇ ಹೇಳಿದ್ವಿ" ಅನ್ನೋದು ಸರಿಯಲ್ಲ.

ಟೆಸ್ಟ್ ಮಾಡೋದೇನೂ ಹೊಸದಲ್ಲ. 1966ರಲ್ಲಿ ಬುಡಾಪೆಸ್ಟಲ್ಲಿ ಹೆಣ್ಮಕ್ಕಳನ್ನ ಡಾಕ್ಟ್ರುಗಳ ಮುಂದೆ ಬಟ್ಟೆ ಬಿಚ್ಚಿಸಿ ನಡೆಸಿದ್ರು. ಅದು ಅಸಹ್ಯ ಅಂತಾಗಿ 1968ರಿಂದ ಒಲಿಂಪಿಕ್ಸಲ್ಲಿ ಕೆನ್ನೆ ಕೋಶದ ಕ್ರೋಮೋಸೋಮ್ ಟೆಸ್ಟ್ ಬಂತು, 1992ರಲ್ಲಿ ಅದ್ರ ಜಾಗಕ್ಕೆ ಈ ಎಸ್‌ಆರ್‌ವೈ ಟೆಸ್ಟೇ ಬಂತು, 1999ರಲ್ಲಿ ಇದ್ರಿಂದ ಪ್ರಯೋಜನಕ್ಕಿಂತ ಹಾನಿಯೇ ಜಾಸ್ತಿ ಅಂತ ಕೈಬಿಟ್ರು. ಯಾಕೆ ಬಿಟ್ರು ಅನ್ನೋದಕ್ಕೆ ಸ್ಪೇನಿನ ಹರ್ಡ್ಲರ್ ಮರಿಯಾ ಹೋಸೆ ಮಾರ್ಟಿನೆಜ್ ಪಟಿನ್ಯೊ ಕಥೆ ಸಾಕು. 1985ರಲ್ಲಿ ಜಪಾನಿನ ಕೋಬೆಯಲ್ಲಿ ವಿಶ್ವವಿದ್ಯಾಲಯಗಳ ಕ್ರೀಡಾಕೂಟ, ಟೆಸ್ಟಲ್ಲಿ ವೈ ಸಿಕ್ತು, ದಾಖಲೆ ಅಳಿಸಿದ್ರು, ಸ್ಕಾಲರ್‌ಷಿಪ್ ಹೋಯ್ತು, ಮದುವೆ ಆಗಬೇಕಿದ್ದವನೂ ಹೋದ. ಅವಳ ಮೈಗೆ ಟೆಸ್ಟೋಸ್ಟಿರಾನ್ ತಾಗೋದೇ ಇಲ್ಲ, ನಮ್ಮ ಕರೆಂಟಿನ ಲೆಕ್ಕದಲ್ಲಿ ಬಲ್ಬೇ ಹತ್ತದ ಮನೆ, ಅನುಕೂಲ ಅನ್ನೋದು ಸೊನ್ನೆ. ಅದನ್ನ ಸಾಬೀತು ಮಾಡೋಕೆ ಮೂರು ವರ್ಷ ಹೋಯ್ತು, ಅಷ್ಟ್ರಲ್ಲಿ ಓಡೋ ಪ್ರಾಯ ಮುಗಿದಿತ್ತು. 1990ರಲ್ಲಿ ಎಸ್‌ಆರ್‌ವೈ ಜೀನ್ ಕಂಡುಹಿಡಿದ ಆಂಡ್ರೂ ಸಿಂಕ್ಲೇರ್ ಅವ್ರೇ 2025ರಲ್ಲಿ, ಈ ಜೀನ್ ಇದೆಯಾ ಇಲ್ವಾ ಅನ್ನೋದಷ್ಟೇ ಈ ಟೆಸ್ಟ್ ಹೇಳ್ತದೆ, ಮೈ ಅದನ್ನ ಹೇಗೆ ಬಳಸ್ಕೊಂಡಿದೆ ಅಂತ ಹೇಳೋದಿಲ್ಲ, ದಯವಿಟ್ಟು ಹೀಗೆ ಬಳಸ್ಬೇಡಿ ಅನ್ನೋ ಅರ್ಥದಲ್ಲಿ ಬರೆದ್ರು.

ಹೊಸ ನಿಯಮದಲ್ಲಿ ಪಟಿನ್ಯೊ ಥರದವ್ರಿಗೆ ವಿನಾಯಿತಿ ಇಟ್ಟಿದ್ದಾರೆ, ಪೂರ್ತಿ ಇನ್‌ಸೆನ್ಸಿಟಿವಿಟಿ ಅಂತ ಡಾಕ್ಟ್ರು ತೋರಿಸಿದ್ರೆ ಆಡಬಹುದು. ಮಿತಿ 10 ಇದ್ದಿದ್ದು 5 ಆಗಿ, 2023ರಲ್ಲಿ 2.5 ಆಗಿ, ಈಗ ಸೀದಾ ಜೀನಿಗೇ ಬಂದು ನಿಂತಿದೆ. ನಿಜ ಹೇಳ್ಬೇಕಂದ್ರೆ ಎಲ್ರಿಗೂ ಟೆಸ್ಟ್ ಅನ್ನೋದ್ರಲ್ಲಿ ಒಂದು ಒಳ್ಳೇದಿದೆ. 1999ರ ಆಮೇಲೆ ಅನುಮಾನ ಬಂದವ್ರಿಗೆ ಮಾತ್ರ ಟೆಸ್ಟು, ಅನುಮಾನ ಬರ್ತಿದ್ದಿದ್ದು ಯಾರ ಮೇಲೆ ಅಂತ ಹೆಸರುಗಳನ್ನೇ ನೋಡಿ: ದಕ್ಷಿಣ ಆಫ್ರಿಕಾ, ಬುರುಂಡಿ, ಕೀನ್ಯಾ, ಯುಗಾಂಡಾ, ಭಾರತ. 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಬಾಕ್ಸಿಂಗ್ ಚಿನ್ನ ಗೆದ್ದ ಅಲ್ಜೀರಿಯಾದ ಇಮಾನ್ ಖಲೀಫ್ ಮತ್ತೆ ತೈವಾನಿನ ಲಿನ್ ಯು ಟಿಂಗ್ ಮೇಲೆ, ಇವ್ರು ಹೆಣ್ಣೇ ಅಲ್ಲ ಅಂತ ಜಗತ್ತೆಲ್ಲ ಮುಗಿಬಿದ್ದಾಗ ಹೆಚ್ಚಿನವ್ರು ತೀರ್ಪು ಕೊಟ್ಟಿದ್ದು ಲ್ಯಾಬ್ ರಿಪೋರ್ಟ್ ಓದಿ ಅಲ್ಲ, ಫೋಟೋ ನೋಡಿ. ಬಾಕ್ಸಿಂಗಲ್ಲಿ ಪೆಟ್ಟಿನ ಅಪಾಯ ಇದೆ, ಅಲ್ಲಿ ನಿಯಮ ಬಿಗಿ ಇರಬೇಕು ಅನ್ನೋದನ್ನ ನಾನೂ ಒಪ್ತೇನೆ, ಫೋಟೋ ಮಾತ್ರ ನಿಯಮ ಅಲ್ಲ.

ಸೆಮೆನ್ಯಾ ಕೇಸು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ತನಕ ಹೋಗಿ 2025ರ ಜುಲೈ 10ಕ್ಕೆ ಮುಗೀತು. ಸ್ವಿಸ್ ನ್ಯಾಯಾಲಯ ಅವಳ ಅಹವಾಲನ್ನ ಸರಿಯಾಗಿ ಪರಿಶೀಲಿಸಲಿಲ್ಲ, ನ್ಯಾಯಯುತ ವಿಚಾರಣೆಯ ಹಕ್ಕು ಸಿಗ್ಲಿಲ್ಲ ಅಂತ 15 ಜನ ಹೇಳಿದ್ರು, ಇಬ್ರು ಇಲ್ಲ ಅಂದ್ರು. ನಿಯಮ ಸರಿಯೋ ತಪ್ಪೋ ಅನ್ನೋದನ್ನ ಮುಟ್ಟಲೇ ಇಲ್ಲ. ಪೇಪರಲ್ಲಿ ಕೆಲವ್ರು ಗೆದ್ಲು ಅಂತ ಬರೆದ್ರು.

ಅಮೆರಿಕದ ಈಜುಗಾರ ಫೆಲ್ಪ್ಸ್ ಕೈ ಉದ್ದ ಇಲ್ವಾ, ಅದೂ ಹುಟ್ಟಿಂದ ಬಂದಿದ್ದೇ ಅಲ್ವಾ, ಅದಕ್ಯಾಕೆ ನಿಷೇಧ ಇಲ್ಲ ಅಂತ ಕೇಳೋದು ಈಗ ರೂಢಿ ಆಗಿದೆ. ಕೇಳೋದಕ್ಕೆ ಚಂದ ಇದೆ, ಆದ್ರೆ ಉದ್ದ ಕೈಯವ್ರು ಗಿಡ್ಡ ಕೈಯವ್ರು ಅಂತ ಎರಡು ವಿಭಾಗ ನಾವು ಮಾಡಿಲ್ಲ. ಗಂಡು ಹೆಣ್ಣು ಅಂತ ಮಾಡಿದೇವೆ, ಮಾಡಿದ್ದೇ ಪ್ರಾಯದ ಟೆಸ್ಟೋಸ್ಟಿರಾನ್ ಕೊಡೋ ಅಂತರಕ್ಕೋಸ್ಕರ. ಹಾಗಾಗಿ ಆ ಅಂತರ ಪೂರ್ತಿ ಸಿಕ್ಕವ್ರಿಗೆ ಒಲಿಂಪಿಕ್ಸ್ ಮಟ್ಟದಲ್ಲಿ ಒಂದು ಗೆರೆ ಇರೋದು ನನಗೆ ತಪ್ಪು ಅನ್ಸೋದಿಲ್ಲ. ಇದನ್ನ ಹೇಳಿದ್ದಕ್ಕೆ ಗೆಳೆಯರಿಬ್ರು ಮುಖ ತಿರುಗಿಸಿದ್ದೂ ಇದೆ. ನನ್ನ ತಕರಾರು ಗೆರೆಯ ಮೇಲಲ್ಲ, ಗೆರೆ ಎಳೆಯೋ ಕೈ ಮೇಲೆ. ಜೀನೊಂದನ್ನೇ ನೋಡಿದ್ರೆ ಸಾಲದು, ಮೈ ಅದನ್ನ ಬಳಸ್ಕೊಂಡಿದೆಯಾ ಅಂತ ನೋಡ್ಬೇಕು, ಆ ಖರ್ಚು ಹುಡ್ಗಿ ತಲೆಗೆ ಬರಬಾರದು, ವರದಿ ಅವಳ ಕೈ ಬಿಟ್ಟು ಬೇರೆಲ್ಲೂ ಹೋಗಬಾರದು, ಇನ್ನು ಆಪರೇಷನ್ ಮಾತನ್ನಂತೂ ಯಾರೂ ಎತ್ತಬಾರದು.

ಇದು ನಮ್ಮ ಜಿಲ್ಲೆಗೆ ತಾಗೋ ರೀತಿ ಬೇರೆಯೇ. ಒಂದು ಹುಡ್ಗಿ ಮುಂಡಗೋಡಿಂದಲೋ ಹೊನ್ನಾವರದಿಂದಲೋ ಓಡ್ತಾ ಓಡ್ತಾ ದೇಶದ ಟೀಮಿನ ಹತ್ರ ಬಂದ್ಲು ಅಂತಿಟ್ಕೊಳ್ಳಿ, ಟೆಸ್ಟ್ ಪಾಸಿಟಿವ್ ಬಂತು. ಅದನ್ನ ಅವಳಿಗೆ, ಅವಳ ಅಪ್ಪ ಅಮ್ಮಂಗೆ ಕನ್ನಡದಲ್ಲಿ ಕೂತು ಬಿಡಿಸಿ ಹೇಳೋರು ಯಾರು? ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ವರ್ಷಗಟ್ಲೆ ಕೂಗಿದ ಜಿಲ್ಲೆ ಇದು, ಸ್ವಲ್ಪ ದೊಡ್ಡ ಕಾಯಿಲೆ ಅಂದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಂತ ಆಂಬುಲೆನ್ಸ್ ಓಡೋ ಜಿಲ್ಲೆ. ಕೆಲವು ಸ್ಥಿತಿಯಲ್ಲಿ ಒಳಗಿನ ಗ್ರಂಥಿಗೆ ಕ್ಯಾನ್ಸರ್ ಅಪಾಯ ಇರೋದ್ರಿಂದ ವಿಷಯ ಗೊತ್ತಾಗೋದು ಒಳ್ಳೇದೇ, ಆದ್ರೆ ಅದು ಡಾಕ್ಟ್ರ ರೂಮಲ್ಲಿ ಗೊತ್ತಾಗ್ಬೇಕು, ಫೆಡರೇಷನ್ನಿನ ಈಮೇಲಲ್ಲಿ ಅಲ್ಲ. ಹದಿನಾರು ದಾಟಿ ಮುಟ್ಟಾಗದ ಹುಡ್ಗೀನ ಹರಕೆ ಹೇಳ್ಕೊಂಡು ಮನೇಲೇ ಇಟ್ಕೊಳ್ಳೋರು ಈಗ್ಲೂ ಇದಾರೆ, ಆಮೇಲೆ ಒಂದಿನ ಕೋಚ್ ಬಾಯಿಂದ ತಿಳೀತದೆ.

ಇನ್ನೊಂದಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನ ಸಿದ್ದಿ ಮಕ್ಕಳನ್ನ 1980ರ ದಶಕದ ಕೊನೆಗೆ ಸ್ಪೋರ್ಟ್ಸ್ ಅಥಾರಿಟಿಯವ್ರು ಸ್ಪೆಷಲ್ ಏರಿಯಾ ಗೇಮ್ಸ್ ಅನ್ನೋ ಸ್ಕೀಮಲ್ಲಿ ಆರಿಸಿ ಕರ್ಕೊಂಡು ಹೋಗಿದ್ರು, ಆಫ್ರಿಕಾ ಮೂಲದ ಮೈ, ಓಡ್ತಾರೆ ಅನ್ನೋ ಲೆಕ್ಕ. ಕೆಲವ್ರು ಚೆನ್ನಾಗೇ ಓಡಿದ್ರು. 1990ರ ದಶಕದಲ್ಲಿ ಸ್ಕೀಮ್ ನಿಂತು ಮಕ್ಕಳು ಊರಿಗೆ ಬಂದ್ರು. ಅವ್ರ ಮೈ ನೋಡಿ ಆರಿಸಿದ ಕಣ್ಣೇ ಇನ್ನೊಂದು ದಿನ ಅದೇ ಮೈ ನೋಡಿ ಅನುಮಾನ ಪಡೋದಕ್ಕೆ ಎಷ್ಟು ಹೊತ್ತು ಬೇಕು. ತಾಲೂಕು, ಜಿಲ್ಲೆ, ರಾಜ್ಯ ಮಟ್ಟದ ಮಕ್ಕಳ ಕೂಟಕ್ಕೆ ವರ್ಲ್ಡ್ ಅಥ್ಲೆಟಿಕ್ಸಿನ ಈ ನಿಯಮ ಬರೋದೇ ಇಲ್ಲ. ಆದ್ರೆ ಮೊಬೈಲಲ್ಲಿ ಸುದ್ದಿ ಬಂದ್ರೆ ಸಾಕು, ಗಂಡುಬೀರಿ ಅನ್ನೋ ಹಳೇ ಬೈಗುಳಕ್ಕೆ ಈಗ ಜೀನು, ಹಾರ್ಮೋನು ಅನ್ನೋ ಹೊಸ ಶಬ್ದ ಸಿಕ್ಕಿದೆ. ಆ ಮಾಸ್ತರು ಟೇಬಲ್ಲಿಗೆ ಬಂದಾಗ "ಈಗ ಇಂಟರ್‌ನ್ಯಾಷನಲ್ ರೂಲೇ ಇದೆಯಲ್ಲ ಸರ್" ಅಂತಲೂ ಅಂದಿದ್ರು, ಮೊದಲೇ ಹೇಳೋಕೆ ಬಿಟ್ಟುಹೋಯ್ತು.

ಆ ಬರಿಗಾಲಿನ ಹುಡ್ಗಿಯ ಟೈಮನ್ನೂ ಹೇಳ್ಲಿಲ್ಲ. ನಾನೇ ಒತ್ತಿ ನಾನೇ ಬರೆದಿದ್ದು, 2:41. ಶಾಂತಿ ದೋಹಾದಲ್ಲಿ ಬೆಳ್ಳಿ ಗೆದ್ದಿದ್ದು 2:03ರಲ್ಲಿ, ಸೆಮೆನ್ಯಾ ಪ್ಯಾರಿಸ್ಸಲ್ಲಿ 1:54. ಬರಿಗಾಲಲ್ಲಿ ಕೆಸರು ಮಣ್ಣಿನ ಮೇಲೆ ದಿನಾ ಶಾಲೆಗೆ ನಾಲ್ಕು ಕಿಲೋಮೀಟರ್ ನಡೆಯೋ ಯಾವ ಗಟ್ಟಿ ಹುಡ್ಗಿಯಾದ್ರೂ ಓಡಬಹುದಾದ ಟೈಮು 2:41. ಮುಂದಿನ ಹಂತದಲ್ಲಿ ನಾಲ್ಕನೇದು ಬಂದ್ಲಂತೆ, ಅಲ್ಲಿ ಯಾರೂ ಆಧಾರ್ ಕೇಳ್ಲಿಲ್ಲ.